ಉಡಿಗೆ ಬಾರದ ಕಾರ್ಡು

ಬ್ರೂಕ್‌ಫೀಲ್ಡ್, ಬೆಂಗಳೂರು
ಶುಕ್ರವಾರ, 14 ನವೆಂಬರ್ 2025

ನನ್ನ ಮೊಮ್ಮಗಳು ಸೌಮ್ಯಾಳಿಗೂ, ಅವಳ ಹೊಟ್ಟೆಯೊಳಗೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳಲಿರುವ ಪುಟ್ಟ ಜೀವಕ್ಕೂ ಅಜ್ಜಿ ರುದ್ರಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ವಾಡಿಕೆ. ಎಲ್ಲರೂ ಕ್ಷೇಮವೇ. ಎಲ್ಲರೂ ಆಫೀಸಿನಲ್ಲಿದ್ದಾರೆ. ಮನೆಯಲ್ಲಿರುವುದು ನಾನು ಮತ್ತು ನೀರು ಸೋಸುವ ಮಿಷನ್ನು. ಅದಾದರೂ ನೀರು ತುಂಬಿದಾಗ ಒಂದು ಸಲ ಕೀಂ ಅನ್ನುತ್ತದೆ. ಮೊದಲು ಪಾರ್ಸಲ್ ತರುವ ಹುಡುಗರು ಬಾಗಿಲಿಗೆ ಬರುತ್ತಿದ್ದರು. ಎಲ್ಲಿಯವನಪ್ಪ, ಊಟ ಆಯ್ತಾ ಅಂತ ಕೇಳಬಹುದಿತ್ತು. ಈಗ ಅದೂ ಇಲ್ಲ. ಗೇಟಿನ ವಾಚ್‌ಮನ್ ಫೋನಿನಲ್ಲಿ ಏನೋ ಒತ್ತುತ್ತಾನೆ, ನಿಮ್ಮಮ್ಮ ಹೇಮಲತಾ ಆಫೀಸಿನಲ್ಲಿ ಕೂತೇ 'ಗೇಟಲ್ಲೇ ಬಿಡಿ' ಅಂತ ಒತ್ತುತ್ತಾಳೆ, ಮುಗಿಯಿತು. ಸಾಯಂಕಾಲ ಬರುವಾಗ ತರುತ್ತಾಳೆ. ನನ್ನ ಮಂಡಿ ನೋವಿಗೆ ಅನುಕೂಲ ಆಗಲಿ ಅಂತ ಮಾಡಿದ್ದಂತೆ. ನನ್ನ ಮಂಡಿಯ ಮೇಲೆ ಈ ಮನೆಯವರಿಗೆ ಬಹಳ ಪ್ರೀತಿ.

ಫೋನ್ ಮಾಡಬಹುದಿತ್ತಲ್ಲ ಅಜ್ಜಿ ಅನ್ನುತ್ತೀಯ. ಮಾಡಿದರೆ "ಮೀಟಿಂಗ್‌ನಲ್ಲಿದೀನಿ ಅಜ್ಜಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಕಾಗದವಾದರೆ ನಿನ್ನ ಮೀಟಿಂಗ್ ಮುಗಿಯುವ ತನಕ ಮೇಜಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ನಾಲ್ಕನೇ ಕ್ಲಾಸಿನವಳ ಅಕ್ಷರ, ಕೊಂಬು ದೀರ್ಘ ತಪ್ಪಿದರೆ ನಗಬೇಡ. ನಿನಗೆ ಅ ಆ ತಿದ್ದಿಸಿದ್ದು ಇದೇ ಕೈ.

ಈಗ ವಿಷಯ. ನೀನು ಕಳಿಸಿದ ಗಿಫ್ಟ್ ಕಾರ್ಡ್ ಸೋಮವಾರ ನನ್ನ ಕೈ ಸೇರಿತು. ಮಂಗಳವಾರ ಅದನ್ನು ಮಾರಿಬಿಟ್ಟೆ. ಅದೊಂದೇ ಅಲ್ಲ, ದೇವರ ಮುಂದೆ ಇದ್ದವನ್ನೆಲ್ಲ ಮಾರಿಬಿಟ್ಟೆ. ನಿಮ್ಮಪ್ಪನಿಗೂ ನಿಮ್ಮಮ್ಮನಿಗೂ ಗೊತ್ತಿಲ್ಲ. ನಿನಗೆ ಹೇಳುತ್ತಿದ್ದೇನೆ, ಯಾಕೆಂದರೆ ಆ ದುಡ್ಡು ಬಂದು ಸೇರಿದ್ದು ನಿನ್ನ ಮನೆಗೇ.

ಕ್ರಮವಾಗಿ ಹೇಳುತ್ತೇನೆ ತಡಿ.

ಸೋಮವಾರ ಬೆಳಿಗ್ಗೆ ನಿಮ್ಮಮ್ಮ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಕವರ್ ಕೊಟ್ಟಳು. "ಅತ್ತೆ, ಇದು ಸೌಮ್ಯಾ ಕೊಟ್ಟಿದ್ದು. ನಿಮಗೆ ಏನ್ ಬೇಕೋ ತಗೋಬೇಕಂತೆ."

"ಯಾಕಂತೆ?"

"ಸುಮ್ನೆ ಅತ್ತೆ. ಪ್ರೀತಿಗೆ."

"ಪ್ರೀತಿ ಇದ್ದಕ್ಕಿದ್ದಂಗೆ ಸೋಮವಾರ ಯಾಕೆ ಉಕ್ತು?"

"ಅಯ್ಯೋ, ನಂಗೆ ಕ್ಯಾಬ್ ಬಂತು" ಅಂತ ಓಡಿದಳು. ನನಗೆ ಉತ್ತರ ಕೊಡಬೇಕಾದಾಗಲೆಲ್ಲ ಅವಳಿಗೆ ಕ್ಯಾಬ್ ಬರುತ್ತದೆ.

ಅವಳಿಗೆ ಗೊತ್ತಿಲ್ಲದ್ದು ಏನೆಂದರೆ, ನನಗೆ ಭಾನುವಾರ ರಾತ್ರಿಯೇ ಎಲ್ಲ ಗೊತ್ತಾಗಿತ್ತು. ನಿಮ್ಮಪ್ಪನ ಆಫೀಸಿನವರ ಗೃಹಪ್ರವೇಶ, ಸರ್ಜಾಪುರದಲ್ಲಿ ಅಂತ ಹೇಳಿ ಇಬ್ಬರೂ ಬೆಳಿಗ್ಗೆಯೇ ಹೊರಟಿದ್ದರು. ನಾನೂ ಬರಲಾ ಅಂದೆ. "ಬೇಡವ್ವಾ, ಟ್ರಾಫಿಕ್‌ನಾಗ ಸುಸ್ತಾಗ್ತೀಯಾ" ಅಂದ ನಿಮ್ಮಪ್ಪ ರುದ್ರೇಶ, ನನ್ನ ಮುಖ ನೋಡದೆ. ತಿರುಗಿ ಬಂದಾಗ ನಿಮ್ಮಮ್ಮ ಹೋಳಿಗೆ ಡಬ್ಬಿ ನನ್ನ ಮುಂದೆ ಇಟ್ಟಳು. ಇಟ್ಟ ಕೈಯಲ್ಲಿ ಹಸಿರು ಗಾಜಿನ ಬಳೆ. ಡಜನ್ನುಗಟ್ಟಲೆ, ವಾಚಿನ ಮೇಲೂ ಕೆಳಗೂ. ಗೃಹಪ್ರವೇಶದಲ್ಲಿ ಯಾರು ಬಳೆಗಾರನನ್ನು ಕೂರಿಸುತ್ತಾರಮ್ಮಾ? ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕುಬಸದಲ್ಲಿ ಅವನನ್ನು ಕೂರಿಸುತ್ತಾರೆ. ಬಂದ ಹೆಂಗಸರೆಲ್ಲ ಕೈ ತುಂಬ ತೊಟ್ಟುಕೊಂಡು ಹೋಗುತ್ತಾರೆ. ನೀವೆಲ್ಲ ಬೇಬಿ ಶವರ್ ಅನ್ನುವುದು ಅದಕ್ಕೇ ತಾನೇ.

ಹೋಳಿಗೆ ತಿಂದೆ. ಚೆನ್ನಾಗಿತ್ತು, ಬೆಲ್ಲ ಸ್ವಲ್ಪ ಮುಂದಾಗಿತ್ತು. ನಾನು ಏನೂ ಕೇಳದೆ ಇದ್ದದ್ದು ನೋಡಿ ನಿಮ್ಮಪ್ಪನಿಗೆ ಗಾಬರಿಯಾಗಿ, "ಅವ್ವಾ, ಬಿ.ಪಿ. ಗುಳಿಗಿ ತಗೊಂಡ್ಯಾ?" ಅಂದ.

ಯಾಕೆ ಕರೆಯಲಿಲ್ಲ ಅಂತ ನಾನು ನಿನ್ನನ್ನೂ ಕೇಳುವುದಿಲ್ಲ. ನಿಮ್ಮತ್ತೆಯ ಮನೆ ಕಡೆ ಅದೆಲ್ಲ ನೋಡುತ್ತಾರೆ. ಗಂಡ ಇಲ್ಲದವಳು ಉಡಿ ತುಂಬುವ ಕಡೆ ಎದುರಿಗೆ ಬರಬಾರದು. ಬರಬೇಡಿ ಅಂತ ಬಾಯಿಬಿಟ್ಟು ಹೇಳುವವರು ಇವತ್ತಿನ ಕಾಲದಲ್ಲಿ ಯಾರೂ ಇಲ್ಲ, ಎಲ್ಲ ಓದಿದವರು. ಟ್ರಾಫಿಕ್ ಅನ್ನುತ್ತಾರೆ, ಮಂಡಿ ಅನ್ನುತ್ತಾರೆ.

ನಿನ್ನ ಮದುವೆಯಲ್ಲಿ ನಿನಗೆ ಮೊದಲು ಉಡಿ ತುಂಬಿದವಳು ನಾನು. ಆಗ ನಿಮ್ಮ ತಾತ ಮುಂದಿನ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದರು. ಅವರು ತೂಕಡಿಸುತ್ತಾ ಇದ್ದುದರಿಂದ ನನ್ನ ಕೈ ಶುಭದ ಕೈ. ಕಳೆದ ವರ್ಷ ಅವರು ಹೋದರು, ಕೈಗೂ ಏನೋ ಆಯಿತು. ನಾನು ತಿರುಗಿಸಿ ತಿರುಗಿಸಿ ನೋಡಿದೆ ಸೌಮ್ಯಾ, ಅದೇ ಕೈ. ಉಗುರು ಸುತ್ತು ಸಹಿತ ಅದೇ.

ಈ ಕಾರ್ಡುಗಳು ಮನೆಗೆ ಬರಲು ಶುರುವಾದದ್ದೂ ಆಮೇಲೆಯೇ. ನೀನು ಗಮನಿಸಿರಲಿಕ್ಕಿಲ್ಲ. ಮೊದಲೆಲ್ಲ ಗೌರಿ ಹಬ್ಬಕ್ಕೆ ನಿಮ್ಮಮ್ಮ ನನಗೆ ಸೀರೆ ತರುತ್ತಿದ್ದಳು, ಅರಿಶಿನ ಕುಂಕುಮ ಇಟ್ಟು ಕೊಡುತ್ತಿದ್ದಳು. ತಾತ ಹೋದ ವರ್ಷದ ಗೌರಿಗೆ ಪಾಪ ಅವಳಿಗೆ ಯಾವ ಬಣ್ಣ ತರಬೇಕೋ ತಿಳಿಯಲಿಲ್ಲ. ಕೆಂಪು ತಂದರೆ ಜನ ಏನೆನ್ನುತ್ತಾರೋ, ಬಿಳಿ ತಂದರೆ ಅತ್ತೆ ಏನೆನ್ನುತ್ತಾಳೋ. ಅದಕ್ಕೇ ಕಾರ್ಡ್ ತಂದಳು. "ನಿಮಗೆ ಇಷ್ಟವಾದ್ದು ನೀವೇ ತಗೊಳ್ಳಿ ಅತ್ತೆ." ಬಣ್ಣ ಇಲ್ಲದ ಸೀರೆ ಅದು. ಆಮೇಲೆ ಯುಗಾದಿಗೆ ನಿಮ್ಮಪ್ಪ ಒಂದು, ದೀಪಾವಳಿಗೆ ಮತ್ತೊಂದು. ಅದನ್ನು ಎಲ್ಲಿಗೆ ಒಯ್ಯಬೇಕು, ಹೇಗೆ ಕೊಡಬೇಕು ನನಗೇನು ಗೊತ್ತು? ಒಂದು ಸಲ ನಿಮ್ಮಪ್ಪ ಮೊಬೈಲ್‌ನಲ್ಲಿ ತೋರಿಸಿದ. ನಾನು ಏನೇ ಕೊಂಡರೂ ಮೆಸೇಜು ಅವನ ಫೋನಿಗೇ ಹೋಗುತ್ತದಂತೆ. ನನಗೆ ಕೊಟ್ಟ ಉಡುಗೊರೆ ಅವನಿಗೆ ಚಾಡಿ ಹೇಳುತ್ತದೆ.

ಮನೆಗೆ ದುಡ್ಡು ಬಂದರೆ ನಮ್ಮಲ್ಲಿ ಮೊದಲು ದೇವರ ಮುಂದೆ ಇಡುವ ಪದ್ಧತಿ, ನಿನಗೆ ಗೊತ್ತಲ್ಲ. ಇವೂ ದುಡ್ಡೇ ಅಂದರಲ್ಲ, ದೇವರ ಜಗಲಿಯಲ್ಲಿ ಲಿಂಗದ ಪಕ್ಕ ಸಾಲಾಗಿ ಇಟ್ಟು, ದಿನಾ ಸ್ನಾನ ಮಾಡಿ ಒದ್ದೆ ವಿಭೂತಿ ಬೆರಳು ಒರೆಸುತ್ತಾ ಬಂದೆ. ಅದೇ ಎಡವಟ್ಟಾಯಿತು.

ಕುಂದಲಹಳ್ಳಿ ಗಲ್ಲಿಯಲ್ಲಿ ನಲ್ಲಪ್ಪ ಅಂತ ಒಬ್ಬ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಬೇಡದ ಗಿಫ್ಟ್ ಕಾರ್ಡ್ ತಗೊಂಡು ರೊಕ್ಕ ಕೊಡುತ್ತಾನೆ ಅಂತ ನಮ್ಮ ಬ್ಲಾಕು ಗುಡಿಸುವ ಚನ್ನಕ್ಕ ಹೇಳಿದ್ದಳು. ಮಂಗಳವಾರ ಅವಳನ್ನೇ ಜೊತೆಗೆ ಕರೆದುಕೊಂಡು ಹೋದೆ. ನಲ್ಲಪ್ಪ ಕಾರ್ಡು ತಿರುಗಿಸಿ ನೋಡಿ ಮುಖ ಹುಳ್ಳಗೆ ಮಾಡಿದ.

"ಏನಜ್ಜಿ ಇದು? ಹಿಂದ್ಗಡೆ ಸಿಲ್ವರ್ ಪಟ್ಟಿ ಇರುತ್ತಲ್ಲ, ಎಲ್ಲಾ ಕೆರೆದ್ಬಿಟ್ಟಿದೀರಲ್ಲ. ನಂಬರ್ ಕಾಣ್ತಾ ಇದೆ. ಯೂಸ್ ಆಗಿರೋ ಕಾರ್ಡ್ ನಮ್ಗೆ ಬೇಡ."

"ಕೆರೆದಿಲ್ಲ ಕಣಪ್ಪ. ವಿಭೂತಿ ಹಚ್ಚಿದ್ದು."

"ಕಾರ್ಡ್‌ಗಾ?"

"ಮತ್ತೆ ನಿನಗಾ?"

ಅವನು ಒಂದು ಸಲ ನನ್ನನ್ನು ನೋಡಿದ, ಒಂದು ಸಲ ಕಾರ್ಡಿನ ಮೇಲಿನ ಮೂರು ಬೆರಳಿನ ಬಿಳಿ ಗೀಟು ನೋಡಿದ. ಪಕ್ಕದ ಗಿರಾಕಿ ನಗಲು ಶುರುಮಾಡಿದ. ನಲ್ಲಪ್ಪ ಫೋನಿನಲ್ಲಿ ನಂಬರು ಹೊಡೆದು ಪರೀಕ್ಷೆ ಮಾಡಿದ. ದುಡ್ಡು ಅಲ್ಲಾಡಿರಲಿಲ್ಲ. ಒಂದು ಮಾತ್ರ, ಆ ಮೊದಲ ಗೌರಿ ಹಬ್ಬದ್ದು, ಅವಧಿ ತೀರಿ ಸತ್ತುಹೋಗಿತ್ತು. ಉಪ್ಪಿನಕಾಯಿಯೂ ಅದಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ನೂರಕ್ಕೆ ಎಪ್ಪತ್ತು ಕೊಡುತ್ತೇನೆ ಅಂದ. ಮೂವತ್ತು ಯಾತಕ್ಕೆ ಅಂದೆ. ರಿಸ್ಕ್ ಅಂದ. "ಎಂತಾ ರಿಸ್ಕಪ್ಪ? ಪೂಜೆ ಆದ ಕಾರ್ಡು. ಇಂಥಾದ್ದು ಇಡೀ ಬೆಂಗಳೂರಾಗ ನಿನಗೆ ಎಲ್ಲಿ ಸಿಗ್ತತಿ? ನೀನೇ ನನಗೆ ಹೆಚ್ಚಿಗೆ ಕೊಡಬೇಕು" ಅಂದೆ. ಸುಳ್ಳು ಹೇಳಬಾರದು, ಆ ಚೌಕಾಸಿ ನನಗೆ ಬಹಳ ಹಿಡಿಸಿತು. ಯಾರೋ ಒಬ್ಬರು ನನ್ನ ಮಾತಿಗೆ ಎದುರುಮಾತು ಆಡಿದ್ದು ಎಷ್ಟು ದಿನದ ಮೇಲೋ. ಮನೆಯಲ್ಲಿ ನಾನು ಏನೇ ಅಂದರೂ "ಸರಿ ಅತ್ತೆ", "ಆಯ್ತವ್ವಾ". ಎಂಬತ್ತಕ್ಕೆ ಒಪ್ಪಿದ ಮೇಲೂ ಇನ್ನೊಂದಿಷ್ಟು ಹೊತ್ತು ಜಗಳ ಎಳೆದೆ. ಪಾಪದ ಮನುಷ್ಯ, ಚಹಾ ತರಿಸಿಕೊಟ್ಟ.

ನಿನ್ನ ಕಾರ್ಡು ಹೊಸದು, ಕವರ್‌ನಲ್ಲಿತ್ತು. "ಕವರ್ ಸಮೇತ ಕೊಡಿ ಅಜ್ಜಿ, ಚೆನ್ನಾಗಿ ಹೋಗುತ್ತೆ" ಅಂದ. ಕವರಿನ ಮೇಲೆ ನೀನು ಕನ್ನಡದಲ್ಲಿ 'ಅಜ್ಜಿಗೆ' ಅಂತ ಬರೆದಿದ್ದೀಯ. ನಾನು ತಿದ್ದಿಸಿದ ಜ ಕಾರವೇ, ಹೊಟ್ಟೆ ಸ್ವಲ್ಪ ದಪ್ಪ. ಕವರ್ ಮಾರಾಟಕ್ಕಿಲ್ಲ ಅಂದೆ.

ಯಾಕೆ ಮಾರಿದೆ ಅಂದರೆ, ಕಾರ್ಡು ಉಡಿಗೆ ಬರುವುದಿಲ್ಲ. ನಿನ್ನ ಉಡಿಯಲ್ಲೂ ಭಾನುವಾರ ಯಾರೋ ಅಕ್ಕಿಯ ಜೊತೆ ಇಂಥದೇ ಕಾರ್ಡು ಹಾಕಿದರಂತೆ, ನಿಮ್ಮಮ್ಮ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು. ನನ್ನ ಕಿವಿ ಇನ್ನೂ ಚೆನ್ನಾಗಿದೆ, ಮಂಡಿಯೊಂದೇ ಹೋಗಿರುವುದು. ನಿನ್ನನ್ನು ಎತ್ತಿ ಆಡಿಸಿದವಳು ನಾನು. ನಿಮ್ಮಪ್ಪ ನಿಮ್ಮಮ್ಮ ಇಬ್ಬರೂ ದುಡಿಯಲು ಹೋದಾಗ ಮಾರತ್ತಹಳ್ಳಿಯ ಬಾಡಿಗೆ ಮನೆಯಲ್ಲಿ ನೀನೂ ನಾನೂ ಇಬ್ಬರೇ. ನಿನ್ನ ಕುಬಸಕ್ಕೆ ನನ್ನದೊಂದು ಹಸಿರು ಸೀರೆ ಇಲ್ಲದೆ ಹೋಗಬಾರದು ಅಂತ ಹಟ. ಅಷ್ಟೇ.

ದುಡ್ಡು ಕೈಗೆ ಬಂದದ್ದೇ ಚನ್ನಕ್ಕನ ಜೊತೆ ಸೀರೆ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಣೆ ನೋಡಿ, ಕೇಳದೆಯೇ ಬೂದಿ ಬಣ್ಣದವು, ತಿಳಿ ಕಂದು, ಸಪ್ಪೆ ಸಪ್ಪೆ ಸೀರೆ ಹರವತೊಡಗಿದ. "ಹಸಿರು ತೆಗಿ" ಅಂದೆ. ತಿಳಿ ಹಸಿರು ತೆಗೆದ. "ಗಿಣಿ ನೋಡಿಲ್ಲೇನಪ್ಪ ನೀನು?" ಅಂದೆ. ಆಗ ತೆಗೆದ ಒಂದು ಇಳಕಲ್, ಕೆಂಪು ಸೆರಗು. ನೋಡಿದರೆ ನಿನಗೂ ತಿಳಿಯುತ್ತದೆ.

ಕುಪ್ಪಸದ ಖಣ ಕೊಳ್ಳಲು ಹೋದಾಗ ಚನ್ನಕ್ಕ ತಡೆದಳು. ಅವಳು ಗುಳೇದಗುಡ್ಡದ ಕಡೆಯವಳು, ಖಣ ನೇಯುವ ಊರು. ತಗಡಿನ ರೂಮಿನಲ್ಲಿ ಇದ್ದಾಳೆ, ಮರುದಿನ ಗುಡಿಸಲು ಬಂದಾಗ ಟ್ರಂಕಿನಲ್ಲಿದ್ದ ಒಂದು ಹಸಿರು ಖಣ ತಂದು ಕೊಟ್ಟಳು. ದುಡ್ಡು ಕೊಡಹೋದರೆ ಸಿಟ್ಟಾದಳು. "ಯವ್ವಾ, ಉಡಿಗೆ ಕೊಡೋ ಖಣಕ್ಕ ರೊಕ್ಕಾ ಇಸ್ಕೊಂತೀನೇನ್ರೀ ನಾ?" ಅಂದಳು.

ಆಗ ಅವಳಿಗೆ ಹೇಳಿದೆ, ಹಿಂಗಿಂಗೆ, ನಾನು ಹೋಗುವ ಹಾಗಿಲ್ಲ, ನೀನು ಮುತ್ತೈದೆ, ನನ್ನ ಬದಲು ನೀನೇ ಹೋಗಿ ಮೊಮ್ಮಗಳಿಗೆ ಉಡಿ ತುಂಬು ಅಂತ. ಅವಳು ಪೊರಕೆ ಕೆಳಗಿಟ್ಟು ಗೊಳ್ಳನೆ ನಕ್ಕಳು.

"ನಾ ಮುತ್ತೈದಿ ಅಂತ ನಿಮಗ ಯಾರ್ ಹೇಳಿದ್ರು? ನನ್ನ ಗಂಡ ಭೀಮಪ್ಪ ಗೋವಾಕ್ಕ ಹೋಗಿ ಮೂರ್ ವರ್ಷಾತು. ಒಂದ್ ಫೋನಿಲ್ಲ. ಅದಾನೋ ಸತ್ತಾನೋ ಆ ಸಮುದ್ರಕ್ಕೇ ಗೊತ್ತು. ಕೊಳ್ಳಾಗ ತಾಳಿ ಐತಿ, ಅದಕ್ಕ ಎಲ್ಲಾರೂ ಕರೀತಾರ, ಉಡಿ ತುಂಬಸ್ತಾರ. ತೆಗೆದಿಟ್ರ ನಾಳೆಯಿಂದ ಯಾರೂ ಕರಿಯಂಗಿಲ್ಲ. ನಿಮ್ಮ ಯಜಮಾನ್ರು ಮನ್ಯಾಗ ಸತ್ರು, ಎಲ್ಲಾರ್ಗೂ ಗೊತ್ತಾತು. ಅಷ್ಟ ಫರಕ್ಕು."

ಅಷ್ಟು ಹೇಳಿ ಪೊರಕೆ ಎತ್ತಿಕೊಂಡು ಮತ್ತೆ ಗುಡಿಸತೊಡಗಿದಳು.

ಆದರೂ ಗುರುವಾರ, ಅಂದರೆ ನಿನ್ನೆ, ಚನ್ನಕ್ಕನ ಕೈಯಲ್ಲೇ ಸಾಮಾನು ಕಳಿಸಿದೆ. ಕುಂದಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಮಾದಾವರದಲ್ಲಿ ಇಳಿದು ಮಾಕಳಿಗೆ ಆಟೋ ಮಾಡಿಕೊಂಡು ಹೋದಳು. ಒಂದೇ ಊರಿನೊಳಗೆ ಅಷ್ಟು ದೂರ ಇದ್ದೀಯ ನೀನು. ಅವಳು ಗುಡಿಸುವವರ ನೀಲಿ ಕೋಟಿನಲ್ಲೇ ಹೋಗಿದ್ದಳು, ಅದಕ್ಕೇ ಇರಬೇಕು, ವಾಚ್‌ಮನ್ ಮೇಲೆ ಬಿಡಲಿಲ್ಲ. ಗೇಟಿನಲ್ಲೇ ಬಿಟ್ಟು ಬಂದಳು. ನೀನು ಇದನ್ನು ಓದುವ ಹೊತ್ತಿಗೆ ಆ ಕೆಂಪು ಕೈಚೀಲ ಯಾರದ್ದು ಅಂತ ತಲೆ ಕೆಡಿಸಿಕೊಂಡಿರುತ್ತೀಯ. ನನ್ನದು. ಸೀರೆ, ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತುತ್ತಿ ಎಲ್ಲ ಇವೆ. ಬಳೆ ನಿನ್ನ ಅಳತೆಯವೇ, ಈಗ ಕೈ ಊದಿರುತ್ತದೆ ಅಂತ ಒಂದು ಅಳತೆ ದೊಡ್ಡದು ಕೊಂಡಿದ್ದೇನೆ.

ನೀನು ಬಾಲ್ಕನಿಗೆ ಬಂದದ್ದನ್ನು ಚನ್ನಕ್ಕ ಕೆಳಗಿನಿಂದ ಕಂಡಳಂತೆ. ಮುಖ ತುಂಬಿಕೊಂಡಿದೆಯಂತೆ. ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ನಿಲ್ಲುತ್ತೀಯಂತೆ, ಥೇಟ್ ನಿಮ್ಮ ತಾತನ ಥರ. ಬಹಳ ಹೊತ್ತು ಕೂತು ಕೆಲಸ ಮಾಡಬೇಡ. ಮನೆಯಿಂದಲೇ ಕೆಲಸ ಅಂದರೆ ಎದ್ದು ಓಡಾಡಬಾರದು ಅಂತ ನಿಮ್ಮ ಕಂಪನಿಯಲ್ಲಿ ರೂಲ್ಸು ಇಲ್ಲ ತಾನೇ?

ಚೀಲದಲ್ಲಿ ಅಕ್ಕಿ ಮಾತ್ರ ಇಲ್ಲ. ಹುಡುಕಬೇಡ. ಮರೆತು ಬಿಟ್ಟಿದ್ದಲ್ಲ, ಚನ್ನಕ್ಕನಿಗೆ ಭಾರವಾಗುತ್ತದೆ ಅಂತ ಕಳಿಸಲಿಲ್ಲ.

ಸೀರೆಯನ್ನು ನಿಮ್ಮತ್ತೆಗೆ ತೋರಿಸಿ ಉಡು. ಯಾರು ಕೊಟ್ಟದ್ದು ಅಂತ ಕೇಳಿದರೆ ತವರಿನದು ಅನ್ನು, ಸುಳ್ಳಲ್ಲ. ಅಜ್ಜಿ ಕೊಟ್ಟದ್ದು ಅಂತ ಹೇಳಲು ಧೈರ್ಯ ಬಂದರೆ ಹೇಳು. ಬರದಿದ್ದರೆ ಬೇಡ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನನಗೋಸ್ಕರ ನೀನು ಯಾರೊಂದಿಗೂ ಜಗಳಕ್ಕೆ ನಿಲ್ಲಬಾರದು. ನಿನ್ನ ಗಂಡ ಕೊಟ್ರೇಶ ಒಳ್ಳೇ ಹುಡುಗ, ತಾಯಿಗೆ ಹೆದರುತ್ತಾನೆ ಅಷ್ಟೇ. ನಿಮ್ಮಪ್ಪನೂ ಒಂದು ಕಾಲಕ್ಕೆ ನನಗೆ ಹೆದರುತ್ತಿದ್ದ. ಈಗ ಎಲ್ಲ ಹೋಗಿ ಟ್ರಾಫಿಕ್‌ಗೆ ಹೆದರುತ್ತಾನೆ.

ಇನ್ನು ಮೇಲೆ ನನಗೆ ಕಾರ್ಡು ಕಳಿಸಬೇಡ. ಕಳಿಸಿದರೆ ಮತ್ತೆ ನಲ್ಲಪ್ಪನ ಅಂಗಡಿಗೇ ಹೋಗುತ್ತದೆ, ಅವನ ಚಹಾ ಪರವಾಗಿಲ್ಲ. ಏನಾದರೂ ಕೊಡಲೇಬೇಕು ಅನ್ನಿಸಿದರೆ ಒಂದು ಮಧ್ಯಾಹ್ನ ಇಲ್ಲಿಗೆ ಬಾ. ನಿನ್ನ ಕೂದಲಿಗೆ ಎಣ್ಣೆ ಹಚ್ಚಿ ಬಾಚುತ್ತೇನೆ. ಸಿಕ್ಕು ಬಿಡಿಸುವಾಗ ಮೊದಲಿನ ಹಾಗೆ ಕಿರುಚು, ಈ ಮನೆಗೆ ಸ್ವಲ್ಪ ಶಬ್ದ ಬೇಕು.

ಇಂತಿ, ನಿನಗೆ ಅಕ್ಷರ ಕಲಿಸಿ ಈಗ ಕಾಗದ ಬರೆಯಬೇಕಾಗಿ ಬಂದ
ನಿನ್ನ ಅಜ್ಜಿ
ರುದ್ರಮ್ಮ

ಮ.ವಿ.: ಕಾಗದ ಮಡಿಸಿ ಅಂಟು ಹಚ್ಚಲು ಹೋದೆ, ಕೈ ಬರಲಿಲ್ಲ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ.

ನಿನ್ನೆ ಚನ್ನಕ್ಕನ ಜೊತೆ ನಾನೂ ಬಂದಿದ್ದೆ. ನಿನ್ನ ಗೇಟಿನ ಎದುರಿಗೇ ನಿಂತಿದ್ದೆ. ವಾಚ್‌ಮನ್ ಕೆಟ್ಟವನಲ್ಲ, ಮರ್ಯಾದೆಯಿಂದಲೇ ಕೇಳಿದ, "ಯಾರು ಬಂದಿದಾರೆ ಅಂತ ಹಾಕ್ಲಿ ಅಮ್ಮ?" ಅಂತ. ಅಜ್ಜಿ ಅಂತ ಹೇಳಬೇಕಿತ್ತು. ಎರಡಕ್ಷರ. ಅಷ್ಟು ಮಾತಾಡುವ ನನ್ನ ಬಾಯಿಂದ ಅದು ಹೊರಡಲಿಲ್ಲ. ಮೇಲೆ ನಿಮ್ಮತ್ತೆ ಇದ್ದರೆ? ನನ್ನನ್ನು ಕಂಡು ನಿನ್ನ ಮುಖದಲ್ಲಿ ಒಂದು ಗಳಿಗೆ, ಒಂದೇ ಗಳಿಗೆ, ಏನಾದರೂ ಹಾದುಹೋದರೆ? "ಸಾಮಾನು ಕೊಡೋಕೆ ಬಂದೀವಪ್ಪ" ಅಂದುಬಿಟ್ಟೆ. ಅವನು ಚನ್ನಕ್ಕನ ನೀಲಿ ಕೋಟು ನೋಡಿ ಡೆಲಿವರಿ ಅಂತ ಒತ್ತಿದ.

ಅಷ್ಟರಲ್ಲಿ ನೀನು ಬಾಲ್ಕನಿಗೆ ಬಂದೆ. ಸೊಂಟದ ಮೇಲೆ ಕೈ ಇಟ್ಟದ್ದನ್ನು ನೋಡಿದ್ದು ಚನ್ನಕ್ಕ ಅಲ್ಲ, ನಾನು. ನೀನು ಫೋನು ನೋಡಿಕೊಂಡೆ, ಒಂದು ಸಲ ಒತ್ತಿದೆ, ಒಳಗೆ ಹೋದೆ. "ಮೇಡಂ ಗೇಟಲ್ಲೇ ಬಿಡೋಕೆ ಹೇಳಿದಾರೆ" ಅಂದ ವಾಚ್‌ಮನ್. ನಿನ್ನ ತಪ್ಪಿಲ್ಲ ಮಗಳೇ. ಡೆಲಿವರಿ ಅಂತ ಬಂದವರನ್ನು ಯಾರು ಮೇಲೆ ಕರೆಯುತ್ತಾರೆ.

ಅಕ್ಕಿ ನನ್ನ ಹತ್ತಿರವೇ ಇತ್ತು, ಸೆರಗಿನಲ್ಲಿ ಗಂಟು ಕಟ್ಟಿಕೊಂಡಿದ್ದೆ. ಗೇಟಿನಲ್ಲಿ ಬಿಡುವಂಥದ್ದನ್ನೆಲ್ಲ ಬಿಟ್ಟೆ. ಅದನ್ನು ಬಿಡಲಿಲ್ಲ, ಅದು ಕೈಯಿಂದ ಮಡಿಲಿಗೆ ಬೀಳಬೇಕಾದದ್ದು. ಮೆಟ್ರೋದಲ್ಲಿ ವಾಪಸು ತಂದು ಜಗಲಿಯಲ್ಲಿ ಕಾರ್ಡುಗಳು ಇದ್ದ ಜಾಗದಲ್ಲಿ ಇಟ್ಟಿದ್ದೇನೆ, ನಿನ್ನ 'ಅಜ್ಜಿಗೆ' ಅನ್ನುವ ಕವರಿನ ಪಕ್ಕ. ಅದನ್ನು ಅಡುಗೆಗೆ ತೆಗೆಯಬೇಡ ಅಂತ ಬೆಳಿಗ್ಗೆ ನಿಮ್ಮಮ್ಮನಿಗೆ ಹೇಳಿದೆ. ಅವಳು ಬಳೆ ಇದ್ದ ಕೈಯನ್ನು ದುಪ್ಪಟ್ಟಾದೊಳಗೆ ಎಳೆದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಇವತ್ತು ಅವಳಿಗೆ ಕ್ಯಾಬ್ ಬರಲಿಲ್ಲ.